ಕನ್ನಡ ಕಪಾಟು ಮತ್ತು ಮಗ್ಗದ ಓಣಿ

ಹೋದ ತಿಂಗಳು ಮಕ್ತಲ್‌ನ ಲೈಬ್ರರಿಯವರು ಮಕ್ಕಳಿಗೆ ಕಥೆ ಓದಲು ನನ್ನನ್ನು ಕರೆದಿದ್ದರು. ಕೈಗೆ ಮೈಕು ಕೊಟ್ಟರು. ನಾನು ಮೊದಲ ಸಾಲು ಓದಿದ್ದೇ ತಡ, ಮುಂದೆ ಕೂತ ಮಕ್ಕಳು ಕಿವಿ ಮುಚ್ಚಿಕೊಂಡವು, ಅಂಗಳದಲ್ಲಿ ಕಟ್ಟಿದ್ದ ಆಡು ಹಗ್ಗ ಕಿತ್ತುಕೊಂಡು ಓಡಿತು. ಮೈಕಿನವರು ಬಂದು ಮೆಲ್ಲಗೆ ಮೈಕು ಇಸಿದುಕೊಂಡು ಹೋದರು. ಮನೆಯಲ್ಲೂ ಇದೇ ಕಥೆ. ನಾನು ಫೋನು ಹಿಡಿದರೆ ಸೊಸೆ ಎದ್ದು ಬಾಗಿಲು ಮುಂದೆ ಮಾಡುತ್ತಾಳೆ. ಗದ್ವಾಲದಲ್ಲಿರುವ ಮಗಳ ಜೊತೆ ಮಾತಾಡುತ್ತಿದ್ದಾಗ ಮೊಮ್ಮಗಳು ಒಂದು ದಿನ ಕೇಳಿಯೇಬಿಟ್ಟಳು:

“ಅಜ್ಜೀ, ಗದ್ವಾಲದ ಅತ್ತಿ ಜೋಡಿ ಮಾತಾಡಾಕ ನಿನಗ ಫೋನ್ ಯಾಕ ಬೇಕ? ಕಿಡಕಿ ತಗದು ನಿಂತ್ರ ಸಾಕಲ್ಲ?”

ಆಡಿಕೊಳ್ಳಲಿ ಬಿಡಿ. ಈ ಗಂಟಲಿನ ಬಗ್ಗೆ ನನಗೆ ನಾಚಿಕೆಯಿಲ್ಲ, ಜಂಬವಿದೆ. ಇದು ನಮ್ಮ ಮನೆ ನನಗೆ ಕೊಟ್ಟ ಆಸ್ತಿ. ತೆಲುಗು ಸೀಮೆಯ ನಾರಾಯಣಪೇಟೆಯ ಮಗ್ಗದ ಓಣಿಯಲ್ಲಿ ನಮ್ಮ ಮನೆಯ ತಲೆಬಾಗಿಲು ದಾಟಿದರೆ ಮೊದಲು ಕಾಣುತ್ತಿದ್ದದ್ದು ಮಗ್ಗ, ಆಮೇಲೆ ಮನುಷ್ಯರು. ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತರೆ ಸೊಂಟದ ಮೇಲಿನ ಅಪ್ಪ ಮಾತ್ರ ನಮಗೆ ಸಿಗುತ್ತಿದ್ದ. ಲಾಳಿ ಈ ಕಡೆಯಿಂದ ಆ ಕಡೆ ಹಾರುವುದು, ಎಳೆಯನ್ನು ಒತ್ತಿ ಕೂರಿಸುವ ಫಣಿ ಧಡ್ ಎಂದು ಬಡಿಯುವುದು, ಮತ್ತೆ ಲಾಳಿ. ಪಡಸಾಲೆಯ ಮೂಲೆಯಲ್ಲಿ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವ ಅಜ್ಜಿಯ ರಾಟಿ, ಅದರ ಕಿರ್ರ್ ಎನ್ನುವ ರಾಗ ಬೇರೆ. ಒಳಗೆ ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು. ಇದರ ನಡುವೆ ಯಾರಾದರೂ ಏನಾದರೂ ಹೇಳಬೇಕೆಂದರೆ ಕೂಗಲೇಬೇಕು. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಅಪ್ಪ ಹೇಳಿದರೆ ಅದು ಓಣಿಯ ಕಡೆಯ ಮನೆಗೂ ಗೊತ್ತಾಗುತ್ತಿತ್ತು, ಅಲ್ಲಿಂದ ಯಾರೋ ‘ನಿನ್ನೀನೂ ಕಡಿಮಿ ಇತ್ತಂತಲ್ಲೋ’ ಎನ್ನುತ್ತಿದ್ದರು. ಗುಟ್ಟು ಅನ್ನುವುದು ನಮ್ಮ ಓಣಿಯಲ್ಲಿ ಹುಟ್ಟಲೇ ಇಲ್ಲ. ಹೊತ್ತು ಹುಟ್ಟಿದಾಗ ಶುರುವಾದ ಮಗ್ಗ ದೀಪ ಹಚ್ಚುವ ತನಕ ನಡೆಯಬೇಕು. ಹಗಲು ಹೊತ್ತಿನಲ್ಲಿ ಮಗ್ಗ ತಟ್ಟನೆ ನಿಂತರೆ ಅಕ್ಕಪಕ್ಕದವರು ಕೈಲಿದ್ದದ್ದನ್ನು ಬಿಟ್ಟು ಓಡಿಬರುತ್ತಿದ್ದರು, ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ.

ಅವ್ವ ಮಾಗನೂರಿನವಳು. ಸಣ್ಣವಳಿದ್ದಾಗ ರಾಯಚೂರಿನ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಕನ್ನಡ, ಆದರೆ ಓದಲು ಅವ್ವನಿಗೊಬ್ಬಳಿಗೇ ಬರುತ್ತಿತ್ತು. ಅಪ್ಪ ಕಲಿತದ್ದು ತೆಲುಗು, ಅದೂ ಅಷ್ಟಕ್ಕಷ್ಟೆ. ಬಸ್‌ಸ್ಟ್ಯಾಂಡಿನ ಕಡೆಗೆ ಹೋಗುವ ರಸ್ತೆಯಲ್ಲಿ ಲೈಬ್ರರಿ ಇತ್ತು. ನಡುವೆ ಉದ್ದನೆಯ ಮೇಜು, ಅದರ ಮೇಲೆ ತೆಲುಗು, ಉರ್ದು ಪೇಪರುಗಳು, ಸುತ್ತ ಗಂಡಸರು. ಒಂದು ಮೂಲೆಯಲ್ಲಿ ಒಂದೇ ಒಂದು ಕನ್ನಡದ ಕಪಾಟು. ಯಾವ ಕಾಲದಲ್ಲಿ ಯಾರು ಕೂಡಿಸಿಟ್ಟ ಪುಸ್ತಕಗಳೋ, ಅರ್ಧಕ್ಕರ್ಧ ರಟ್ಟು ಕಿತ್ತವು. ಮದುವೆಯಾಗಿ ಬಂದ ಹೊಸದರಲ್ಲಿ ಈ ಕಪಾಟಿನ ಸುದ್ದಿ ಕೇಳಿ ಅವ್ವನಿಗೆ ತವರಿನವರೇ ಬಂದಷ್ಟು ಸಂತೋಷವಾಯಿತಂತೆ. ಆದರೆ ಗಂಡಸರು ಪೇಪರು ಓದುವ ಜಾಗಕ್ಕೆ ಓಣಿಯ ಸೊಸೆಯಂದಿರು ಹೋಗುವ ರಿವಾಜು ಇರಲಿಲ್ಲ. ಮೊದಮೊದಲು ಅಪ್ಪ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದ, ಆಮೇಲೆ ಆ ಕೆಲಸ ನನಗೆ ಬಂತು.

ಅಜ್ಜಿಗೂ ಪುಸ್ತಕಕ್ಕೂ ಆಗಿಬರುತ್ತಿರಲಿಲ್ಲ. ಒಂದು ದಿನ ಅವ್ವ ಒಲೆಯ ಮುಂದೆ ಪುಸ್ತಕ ಇಟ್ಟುಕೊಂಡು ಹಂಚಿನ ಮೇಲಿನ ರೊಟ್ಟಿ ಮರೆತಳು. ಮನೆ ತುಂಬ ಕರಕಲು ವಾಸನೆ. ಅಜ್ಜಿ ರಾಟಿ ಬಿಟ್ಟು ಎದ್ದು ಬಂದವಳೇ ಹಾರಾಡಿದಳು.

“ಪುಸ್ತಕ ರೊಟ್ಟಿ ಬಡೀತೈತೇನ? ಕಂಡಿಕಿ ಸುತ್ತತೈತೇನ? ಹೊಟ್ಟಿಗೆ ಹಿಟ್ಟಿಲ್ಲದಾಕಿ ಜುಟ್ಟಿಗೆ ಮಲ್ಲಿಗಿ ಬೇಡಿದ್ಲಂತ!”

“ಸುತ್ತೂದಿಲ್ರೀ ಅತ್ತಿ. ಆದ್ರ ಅದನ್ನ ಓದಿದ ದಿನ ನನಗ ಕಂಡಿಕಿ ಸುತ್ತೂದು ಬ್ಯಾಸರ ಆಗೂದಿಲ್ಲ.”

ಅವ್ವ ಎದುರು ಮಾತಾಡಿದ್ದು ಅದೇ ಮೊದಲು. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಕುಣಿಯಿಂದ ಅಪ್ಪ ಕೂಗಿದ:

“ಜಗಳ ಆಮ್ಯಾಲ ಮಾಡ್ರಿ. ರೊಟ್ಟಿ ಸುಡೂವಂಥಾದ್ದು ಅದರಾಗ ಏನೈತಿ, ನನಗೂ ಒಂದೀಟು ಹೇಳ್ರಿ!”

ಅವ್ವ ಹೇಳಿದಳು. ಅಪ್ಪ ‘ಆಮ್ಯಾಲ?’ ಅಂದ. ಅಜ್ಜಿ ಕೇಳದವಳ ಹಾಗೆ ಮುಖ ತಿರುಗಿಸಿಕೊಂಡು ಕೇಳಿಸಿಕೊಂಡಳು. ಕಡೆಗೆ ಮನೆಯ ಯಜಮಾನತಿ ತಾನೇ ಎಂದು ತೋರಿಸಲು ಒಂದು ಕಾಯಿದೆ ಮಾಡಿದಳು. ಓದಬಹುದು, ಆದರೆ ಯಾರ ಕೈಯೂ ನಿಲ್ಲಬಾರದು. ಕೈ ತನ್ನ ಕೆಲಸ ಮಾಡಲಿ, ಬಾಯಿ ಬೇಕಾದರೆ ತನ್ನ ಕೆಲಸ ಮಾಡಲಿ. ಹಾಗಾದರೆ ಪುಸ್ತಕ ಹಿಡಿಯುವವರು ಯಾರು? ಮನೆಯಲ್ಲಿ ಖಾಲಿ ಇದ್ದದ್ದು ನನ್ನ ಕೈ ಮಾತ್ರ. ನೂಲು ಮುಟ್ಟಿದರೆ ಗಂಟು ಹಾಕುತ್ತೇನೆಂದು ನನ್ನನ್ನು ಯಾರೂ ರಾಟಿಯ ಹತ್ತಿರ ಬಿಡುತ್ತಿರಲಿಲ್ಲ. ಅವ್ವ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಸಿ ಬರೆಸಿ ಕನ್ನಡ ಕಲಿಸಿದಳು. ತೆಲುಗು ಶಾಲೆಗೆ ಹೋಗುತ್ತಿದ್ದ ನನಗೆ ಅಕ್ಷರಗಳು ಗುರುತಿನ ಮುಖಗಳೇ ಆದ್ದರಿಂದ ಬೇಗ ಕೈಗೆ ಹತ್ತಿದವು. ಹೀಗೆ ನಾನು ನಮ್ಮ ಮನೆಯ ಓದುಗಾರ್ತಿಯಾದೆ.

ಮಗ್ಗದ ಪಕ್ಕದಲ್ಲಿ ಓದುವುದಕ್ಕೆ ಒಂದು ಲೆಕ್ಕಾಚಾರ ಬೇಕು. ಫಣಿ ಧಡ್ ಎಂದಾಗ ಓದಿದರೆ ಮಾತು ಸತ್ತುಹೋಗುತ್ತದೆ. ಹಾಗಾಗಿ ಧಡ್ ಎನ್ನುವಾಗ ಬಾಯಿ ಮುಚ್ಚಬೇಕು, ಲಾಳಿ ಹಾರುವಷ್ಟು ಹೊತ್ತಿನಲ್ಲಿ ಸಿಕ್ಕಷ್ಟು ಮಾತು ಎಸೆಯಬೇಕು, ಮತ್ತೆ ಮುಚ್ಚಬೇಕು. ‘ಅಂಬಿಗರ ಹುಡುಗಿ’ ಧಡ್ ‘ಹೊಳೆ ದಂಡೆಗೆ’ ಧಡ್ ‘ಬಂದು ನಿಂತಳು’ ಧಡ್. ನನ್ನ ಓದು ಅಪ್ಪನ ಮಗ್ಗದ ನಡಿಗೆಯನ್ನೇ ಕಲಿಯಿತು. ಕೂಗಿ ಓದುತ್ತಿದ್ದರಿಂದ ಓಣಿಗೆಲ್ಲ ಕೇಳುತ್ತಿತ್ತು. ಪಕ್ಕದ ಮನೆಯ ಈರಣ್ಣ ಕಾಕಾ ಗೋಡೆಯಾಚೆಯಿಂದ ‘ನಿನ್ನಿ ಎಲ್ಲಿಗೆ ಬಿಟ್ಟಿದ್ದೆವ್ವಾ?’ ಎಂದು ಕೇಳುವುದು, ಎದುರು ಮನೆಯವರು ‘ಸ್ವಲ್ಪ ತಡಿ, ನೀರು ಸೇದಿ ಬರ್ತೀನಿ’ ಎನ್ನುವುದು ದಿನದ ಮಾತಾಯಿತು. ಎಲ್ಲರಿಗಿಂತ ಹೆಚ್ಚು ಹುಚ್ಚು ಹಿಡಿದದ್ದು ಅಜ್ಜಿಗೆ. ಕಥೆಯೊಳಗಿನವರನ್ನು ಓಣಿಯವರಂತೆಯೇ ಬೈಯುತ್ತಿದ್ದಳು.

“ಆ ಮುದುಕ ಸುಳ್ಳ ಹೇಳಾಕತ್ಯಾನ. ನಂಬಬ್ಯಾಡ ಅಂತ ಆಕಿಗೆ ಹೇಳ ಲೇ ಸಾವಿ!”

“ನಾ ಹ್ಯಾಂಗ ಹೇಳ್ಲಿ ಅಜ್ಜಿ? ಬರದಾಂಗ ಓದ್ತೀನಿ.”

“ಬರದಾವ ಎಲ್ಲ್ಯಾನ? ಅವನಿಗರ ಹೇಳು!”

ಹೀಗಿರುವಾಗ ಒಂದು ವರ್ಷ ಕಾರ್ತಿಕದ ಹೊತ್ತಿಗೆ ಲೈಬ್ರರಿಯಲ್ಲಿ ಗ್ರಂಥಾಲಯ ವಾರದ ಗದ್ದಲ ಶುರುವಾಯಿತು. ತೆಲುಗು ಮಕ್ಕಳ ಹಾಡಿನ ಸ್ಪರ್ಧೆ, ಉರ್ದುವಿನವರ ಶಾಯರಿ, ಅಂಗಳದಲ್ಲಿ ರಂಗೋಲಿ. ನಾನು ಪುಸ್ತಕ ಬದಲಿಸಲು ಹೋದಾಗ ಲೈಬ್ರರಿ ನೋಡಿಕೊಳ್ಳುತ್ತಿದ್ದ ಮೆಹಬೂಬ್ ಸಾಹೇಬರು ಕಪಾಟಿನ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಸಾಹೇಬರು ಬಹಳ ಮೆತ್ತನೆಯ ಮನುಷ್ಯ, ಕೆಮ್ಮುವುದಕ್ಕೂ ಹೊರಗೆ ಹೋಗುತ್ತಿದ್ದವರು.

“ಬೇಟಿ, ಈ ಕಪಾಟು ಜಿಲ್ಲಾದ ಊರಿಗೆ ಕಳಿಸ್ರಿ ಅಂತ ಮ್ಯಾಲಿಂದ ಹುಕುಂ ಬಂದೈತಿ. ಕನ್ನಡಾ ಓದವ್ರು ಯಾರೂ ಇಲ್ಲ, ಜಾಗಾ ಖಾಲಿ ಮಾಡ್ರಿ ಅಂತಾರ. ವಾರದ ಕಡೀ ದಿನ ದೊಡ್ಡ ಸಾಹೇಬ್ರು ಬರ್ತಾರ. ಒಂದರ ಕನ್ನಡಾ ಕಾರ್ಯಕ್ರಮ ಮಾಡಿ ಮಂದಿನ್ನ ತೋರಿಸಿದ್ರ ನಾ ಬಾಯಿ ಬಿಚ್ಚಿ ಕೇಳಬಹುದು. ಇಲ್ಲಾಂದ್ರ ಖತಂ.”

ಮನೆಗೆ ಬಂದು ಹೇಳಿದೆ. ಕಂಡಿಕೆ ಸುತ್ತುತ್ತಿದ್ದ ಅವ್ವನ ಕೈ ನಿಂತಿತು. ಅಜ್ಜಿ ಗದರಿಸಲಿಲ್ಲ.

“ಅದು ಹೋದ್ರ ನಾ ಏನು ಓದ್ಲಿ?”

ಅವ್ವ ಇದನ್ನು ಯಾರನ್ನೂ ಕೇಳಲಿಲ್ಲ, ಸುಮ್ಮನೆ ಅಂದಳು. ಆಮೇಲೆ ಅತ್ತಳು. ತವರಿನಿಂದ ಯಾರಾದರೂ ಬಂದು ಹೋದಾಗಲೂ ಅಳದ ಹೆಂಗಸು ಒಂದು ಮುರುಕು ಕಪಾಟಿಗೆ ಅತ್ತಳು. ರಾಯಚೂರು ಅಷ್ಟೇನೂ ದೂರವಿಲ್ಲ ಎಂದು ಈಗ ಯಾರಾದರೂ ಹೇಳಬಹುದು. ಮಗ್ಗ, ರಾಟಿ, ಒಲೆ ಬಿಟ್ಟು ಎಲ್ಲಿಗೂ ಹೋಗಲಾರದವಳಿಗೆ ಬಸ್‌ಸ್ಟ್ಯಾಂಡೇ ಪರದೇಶ. ಆ ಕಪಾಟು ಹೋದರೆ ಅವಳು ಕಲಿತ ಅಕ್ಷರಗಳಿಗೆ ಮತ್ತೆ ಕೆಲಸವಿರಲಿಲ್ಲ.

ಸಾಹೇಬರು ಪಾಪ, ಆ ಭಾನುವಾರವೇ ಲೈಬ್ರರಿಯಲ್ಲಿ ಕನ್ನಡ ಓದಿನ ಕಾರ್ಯಕ್ರಮ ಇಟ್ಟು ಬಾಗಿಲಿಗೆ ಮಾವಿನ ತೋರಣವನ್ನೂ ಕಟ್ಟಿಸಿದರು. ಓಣಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಎಲ್ಲರ ಮಗ್ಗದ ಮೇಲೂ ಮದುವೆಯ ಸೀರೆಗಳಿದ್ದವು. ಪೇಪರು ಓದುತ್ತಿದ್ದ ಗಂಡಸರ ಮುಂದೆ ನಾನೊಬ್ಬಳೇ ನಿಂತೆ. ಬಾಯಿ ತೆರೆದದ್ದೇ ಒಬ್ಬರ ಕನ್ನಡಕ ಜಾರಿ ಬಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಇಲ್ಲದ ಮಗ್ಗಕ್ಕೆ ನಾನು ಜಾಗ ಬಿಟ್ಟು ಓದುತ್ತಿದ್ದೆ. ನಾಲ್ಕು ಮಾತು ಕೂಗುವುದು, ಬಾಯಿ ಮುಚ್ಚಿ ಧಡ್‌ಗೆ ಕಾಯುವುದು, ಮತ್ತೆ ಕೂಗುವುದು. ಜನ ನಗಲು ಶುರು ಮಾಡಿದರು.

“ಬೇಟಿ, ಹಳ್ಳ ದಾಟಿದಂಗ ಯಾಕ ನಿಂತು ನಿಂತು ಓದ್ತಿ?” ಎಂದು ಸಾಹೇಬರು ಕಿವಿಯಲ್ಲಿ ಕೇಳಿದರು.

ಬಿಕ್ಕುತ್ತಾ ಮನೆಗೆ ಬಂದೆ. ಅವ್ವ ಎಲ್ಲ ಕೇಳಿಸಿಕೊಂಡಳು. ಅವತ್ತು ಅವಳು ಅಳಲಿಲ್ಲ. ಸಂಜೆ ಸಾಹೇಬರು ಸೈಕಲ್ಲಿನ ಮೇಲೆ ನಮ್ಮ ಓಣಿಯಲ್ಲಿ ಹಾದು ಹೋಗುವ ಹೊತ್ತಿಗೆ ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತು ಅವರನ್ನು ತಡೆದಳು.

“ಸಾಹೇಬ್ರ, ನಮ್ಮ ಮಂದಿ ಮಗ್ಗ ಬಿಟ್ಟು ನಿಮ್ಮಲ್ಲಿಗೆ ಬರೂದಿಲ್ರಿ. ನೀವ ಲೈಬ್ರರಿ ಇಲ್ಲಿಗೆ ತರ್ರಿ.”

“ಅಕ್ಕಾರ, ಕಾರ್ಯಕ್ರಮ ಲೈಬ್ರರಿದಾಗ ಆಗಬೇಕಂತ ಕಾಯದೆ ಐತ್ರಿ.”

“ಕಾರ್ಯಕ್ರಮ ಪುಸ್ತಕದ್ದೋ, ಗ್ವಾಡಿದ್ದೋ?”

ಸಾಹೇಬರು ಸೈಕಲ್ಲಿನಿಂದ ಇಳಿದರು. ಒಳಗಿನಿಂದ ಅಜ್ಜಿಯ ದನಿ ಬಂತು:

“ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನ? ನಿಮ್ಮ ದೊಡ್ಡ ಸಾಹೇಬ ಪ್ಯಾಟಿಗೆ ಬಂದ ಮ್ಯಾಲ ಓಣಿಗೂ ಬರ್ಲಿ. ಒಗ್ಗಾಣಿ ಮಿರ್ಚಿ ನಾ ಮಾಡ್ತೀನಿ ಅನ್ನು!”

ಸಾಹೇಬರು ಒಪ್ಪಿಕೊಂಡರು. ಇನ್ನೊಂದು ಕೆಲಸ ಅವ್ವ ಯಾರಿಗೂ ಹೇಳದೆ ಮಾಡಿದಳು. ಆಗ ಓದುತ್ತಿದ್ದ ಕಾದಂಬರಿಯಲ್ಲಿ ಅಂಬಿಗರ ಹುಡುಗಿ ಒಬ್ಬಳಿದ್ದಳು. ಅಕ್ಕನಿಗೆ ಹೆರಿಗೆ ನೋವು, ಸೂಲಗಿತ್ತಿ ಆಚೆ ದಂಡೆಯಲ್ಲಿ, ನಡುವೆ ತುಂಬಿದ ಹೊಳೆ. ಹುಡುಗಿ ಹರಿಗೋಲಿಗೆ ಕಾಲಿಟ್ಟಲ್ಲಿಗೆ ಓದು ಬಂದದ್ದೇ ಅವ್ವ ನನ್ನ ಕೈಯಿಂದ ಪುಸ್ತಕ ಕಸಿದು ಜೋಳದ ಗಡಿಗೆಯಲ್ಲಿ ಹುಗಿದಿಟ್ಟುಬಿಟ್ಟಳು. ಮುಂದಿನದು ದೊಡ್ಡ ಸಾಹೇಬರು ಬಂದ ದಿನವೇ. ಓಣಿಯೇ ತಲೆಕೆಟ್ಟಂತಾಯಿತು. ಈರಣ್ಣ ಕಾಕಾ ಗೋಡೆ ಬಡಿದ. ಅಜ್ಜಿ ಊಟ ಬಿಡುತ್ತೇನೆಂದು ಹೆದರಿಸಿದಳು, ಆಮೇಲೆ ಮೆತ್ತಗಾದಳು.

“ಒಂದ ಪುಟ ಓದಸವ್ವಾ. ಮುಳುಗಿದ್ಲೋ ಇಲ್ಲೋ ಅಷ್ಟರ ಹೇಳು. ವಯಸ್ಸಾದಾಕಿ ನಾ, ಅಷ್ಟ್ರಾಗ ಸತ್ರ?”

“ನೀವು ಸಾಯೂದಿಲ್ರಿ ಅತ್ತಿ. ಕಥಿ ಮುಗಿಯೂತನ ಯಮನೂ ನಿಮ್ಮನ್ನ ಒಯ್ಯೂದಿಲ್ಲ” ಎಂದಳು ಅವ್ವ. ಅಜ್ಜಿ ಬೈಯುತ್ತ ಬೈಯುತ್ತಲೇ ನಕ್ಕಳು.

ಆ ದಿನ ಓಣಿಯ ನಡುವೆ ಲೈಬ್ರರಿಯ ಮೇಜು, ಕುರ್ಚಿಗಳನ್ನು ಹಾಕಿದರು. ಅವ್ವ ನನಗೆ ತಲೆ ಬಾಚಿ, ಬೆಲ್ಲ ಮೆಣಸಿನ ಕಷಾಯ ಕುಡಿಸಿ ಕಳಿಸಿದಳು. ದೊಡ್ಡ ಸಾಹೇಬರು ಜೀಪಿನಿಂದ ಇಳಿದರು. ಇಸ್ತ್ರಿ ಮಾಡಿದ ಅಂಗಿ, ಕನ್ನಡ ಓದಲು ಬರದ, ಕೇಳಿದರೆ ಅಷ್ಟಿಷ್ಟು ತಿಳಿಯುವ ತೆಲುಗಿನವರು. ನೋಡಿದರೆ ಕುರ್ಚಿಗಳೆಲ್ಲ ಖಾಲಿ. ಎರಡೂ ಸಾಲಿನ ಮನೆಗಳಲ್ಲಿ ಧಡ್ ಧಡ್ ಎಂದು ಮಗ್ಗಗಳು.

“ವಿನೇವಾಳ್ಳು ಏರೀ?” ಕೇಳುವವರು ಎಲ್ಲಿ ಎಂದು ಅವರು ತೆಲುಗಿನಲ್ಲಿ ಕೇಳಿದರು. ಎಲ್ಲರೂ ಒಳಗೇ ಇದ್ದಾರೆ, ಅಲ್ಲಿಂದಲೇ ಕೇಳುತ್ತಾರೆ ಎಂದರು ಮೆಹಬೂಬ್ ಸಾಹೇಬರು. ಈ ಗದ್ದಲದಲ್ಲೇ ಎಂದು ದೊಡ್ಡ ಸಾಹೇಬರು ನಕ್ಕು ಜೀಪಿನ ಕಡೆ ತಿರುಗಿದರು. ಅವರು ಹೋಗಿಬಿಡುತ್ತಿದ್ದರೋ ಏನೋ, ಅಷ್ಟರಲ್ಲಿ ಅಜ್ಜಿ ಅಡ್ಡ ಬಂದು ಮಂಡಕ್ಕಿ ಒಗ್ಗಾಣಿಯ ತಟ್ಟೆ ಕೈಗೆ ಕೊಟ್ಟೇಬಿಟ್ಟಳು. ಮಿರ್ಚಿ ಬಾಣಲೆಯಿಂದ ಆಗ ತಾನೇ ತೆಗೆದದ್ದು, ನಿಂತು ಊದಿ ಊದಿ ತಿನ್ನಬೇಕು. ಹೊಸ್ತಿಲಿನಿಂದ ಅವ್ವ ನನಗೆ ಕಣ್ಣು ಮಾಡಿದಳು. ಪುಸ್ತಕ ತೆರೆದೆ.

ಓದಿದೆ. ಮಗ್ಗಗಳಿದ್ದವು, ನನ್ನ ನಡಿಗೆ ನನಗೆ ಸಿಕ್ಕಿತು. ಹರಿಗೋಲು ಧಡ್ ದಂಡೆ ಬಿಟ್ಟಿತು ಧಡ್. ಹೊಳೆ ಕೆಂಪಗೆ ಧಡ್ ತಿರುಗುತ್ತಿತ್ತು ಧಡ್. ಹುಡುಗಿ ನಡುನೀರಿಗೆ ಬಂದಳು, ಹುಟ್ಟು ಬಂಡೆಗೆ ಬಡಿದು ಮುರಿಯಿತು. ಆಗ ಈರಣ್ಣ ಕಾಕಾನ ಮಗ್ಗ ನಿಂತಿತು. ಎದುರು ಮನೆಯದು ನಿಂತಿತು. ಅದರಾಚೆಯದು, ಅದರಾಚೆಯದು. ಓಣಿಯ ತುದಿಯ ತನಕ ಒಂದೊಂದಾಗಿ ನಿಂತವು. ಕಡೆಗೆ ನಮ್ಮಪ್ಪನದೂ ನಿಂತಿತು. ಹುಟ್ಟಿದಾಗಿನಿಂದ ನಾನು ಹಗಲಿನಲ್ಲಿ ಕೇಳದೇ ಇದ್ದ ನಿಶ್ಶಬ್ದ ಅದು. ದೊಡ್ಡ ಸಾಹೇಬರ ಕೈಯಲ್ಲಿ ಮಿರ್ಚಿ ಹಾಗೇ ಉಳಿಯಿತು. ಹಗಲು ಹೊತ್ತು ಮಗ್ಗ ನಿಂತರೆ ಏನರ್ಥ ಎಂದು ಈ ಸೀಮೆಯಲ್ಲಿ ತಿರುಗಾಡಿದ ಅವರಿಗೂ ಗೊತ್ತಿತ್ತು.

“ಏಮೈಂದಿ? ಎವರು ಪೋಯಾರು?” ಎಂದರು. ಏನಾಯಿತು, ಯಾರು ತೀರಿಹೋದರು ಎಂದು. ಅವರ ಮುಖ ಬಿಳಿಚಿಕೊಂಡಿತ್ತು.

ಮಗ್ಗಗಳ ಜೊತೆ ನಾನೂ ನಿಂತುಬಿಟ್ಟಿದ್ದೆ. ಮಗ್ಗವಿಲ್ಲದೆ ಹೇಗೆ ಓದಬೇಕೆಂದು ನನಗೆ ತಿಳಿಯಲಿಲ್ಲ, ಲೈಬ್ರರಿಯ ನಗು ನೆನಪಾಯಿತು. ಆಗ ಅಜ್ಜಿ ಕಿರುಚಿದಳು:

“ಲೇ ಸಾವಿ! ಮಗ್ಗ ನಿಂತ್ರ ನಿಂದ್ರವಲ್ವಾಕ, ನೀ ಯಾಕ ನಿಂತಿ? ಹುಡುಗಿ ನಡುನೀರಾಗ ಅದಾಳ, ಓದ!”

ಓದಿದೆ. ಈ ಸಲ ಯಾವ ಧಡ್‌ಗೂ ಕಾಯಲಿಲ್ಲ. ಹುಡುಗಿ ಅಂಗೈಯಿಂದಲೇ ನೀರು ಬಡಿಯುತ್ತ, ಹೊಳೆಗೇ ಬೈಯುತ್ತ ಹೋದಳು, ನಾನೂ ಅವಳ ಹಿಂದೆ ಒಂದೇ ಉಸಿರಿನಲ್ಲಿ ಹೋದೆ. ನನ್ನ ದನಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿ ಗೋಡೆಗೆ ಬಡಿದು ವಾಪಸು ಬರುವುದು ನನಗೇ ಕೇಳುತ್ತಿತ್ತು. ತಲೆಕೂದಲಲ್ಲಿ ನೂಲಿನ ಧೂಳು ಹೊತ್ತ ಗಂಡಸರು ಕುಣಿಯಿಂದೆದ್ದು ಬಾಗಿಲಿಗೆ ಬಂದರು. ಹೆಂಗಸರು ಕಂಡಿಕೆ ಹಿಡಿದುಕೊಂಡೇ ಬಂದರು. ಖಾಲಿ ಕುರ್ಚಿಗಳನ್ನು ಯಾರೂ ನೋಡಲಿಲ್ಲ, ಎಲ್ಲರೂ ನಿಂತೇ ಕೇಳಿದರು. ಹರಿಗೋಲು ಆಚೆ ದಂಡೆಯ ಕೆಸರಿಗೆ ತಾಗಿದಾಗ ಓಣಿ ಹೋ ಎಂದು ಕೂಗಿತು. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ‘ನನಗ ಗೊತ್ತಿತ್ತು, ಗಟ್ಟಿ ಹುಡುಗಿ ಅದು’ ಎಂದಳು.

ಆ ಕೂಗಾಟದ ನಡುವೆ ದೊಡ್ಡ ಸಾಹೇಬರು ಮೆಹಬೂಬ್ ಸಾಹೇಬರ ತೋಳು ಹಿಡಿದು ಕೇಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

“ಪಿಲ್ಲ ಒಡ್ಡುಕು ಚೇರಿಂದಾ?”

ಹುಡುಗಿ ದಂಡೆ ಮುಟ್ಟಿದಳೇ ಎಂದು! ಇಡೀ ಓಣಿ ಒಟ್ಟಿಗೆ ತೆಲುಗಿಗೆ ತಿರುಗಿ ‘ಚೇರಿಂದಿ ಸಾರೂ, ಚೇರಿಂದಿ’ ಎಂದು ಕೂಗಿತು. ಅವರ ಮುಖದಲ್ಲಿ ನಗು ಬಂತು. ಉಳಿದ ಮಿರ್ಚಿ ತಿಂದು ಕೈ ತೊಳೆದು, ಕಪಾಟು ಎಲ್ಲಿಗೂ ಹೋಗುವುದಿಲ್ಲ, ಇನ್ನು ಮೇಲೆ ವಾರಕ್ಕೊಮ್ಮೆ ಈ ಓಣಿಯಲ್ಲೂ ಓದು ನಡೆಯಲಿ ಎಂದು ಎಲ್ಲರೆದುರು ಹೇಳಿದರು. ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಗೆದ್ದೆವು ಅಂದರೆ ಗೆದ್ದೆವು! ಜಾತ್ರೆಯಲ್ಲಿ ಕುಸ್ತಿ ಗೆದ್ದವರಿಗೂ ಅಂಥ ಮೆರವಣಿಗೆ ಆಗಿರಲಿಕ್ಕಿಲ್ಲ. ಮೇಲಿನಿಂದ ನೋಡಿದರೆ ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಏನೋ ನಿರ್ಧಾರ ಮಾಡಿದವಳ ಮುಖ ಅದು.

ಮರುದಿನ ಮಧ್ಯಾಹ್ನ ಅವ್ವ ಅಪ್ಪ ನೇಯ್ದ ಗೋಪುರದಂಚಿನ ಸೀರೆ ಉಟ್ಟಳು. ಅಜ್ಜಿ ರಾಟಿಯಿಂದ ತಲೆಯೆತ್ತಿ ನೋಡಿದಳು. ಇನ್ನೊಂದು ಜಗಳ ಹತ್ತಿತು ಎಂದುಕೊಂಡೆ.

“ಎಲ್ಲಿಗೆ?”

“ಲೈಬ್ರರಿಗೆ ರೀ ಅತ್ತಿ.”

“ಹೂಂ, ಹೋಗು. ಒಲಿ ನಾ ನೋಡ್ಕೋತೀನಿ. ಛಲೋದು ತಗೊಂಡ ಬಾ, ಅಳೂದು ಬ್ಯಾಡ.”

ಅವ್ವ ನನ್ನ ಕೈ ಹಿಡಿದು ಹಾಡಹಗಲೇ ಪೇಟೆಯ ನಡುವೆ ನಡೆದು ಲೈಬ್ರರಿಯ ಮೆಟ್ಟಿಲು ಹತ್ತಿದಳು. ಗಂಡಸರು ಪೇಪರು ಇಳಿಸಿ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ಸೀದಾ ಕಪಾಟಿನ ಮುಂದೆ ನಿಂತು, ಇಷ್ಟು ವರ್ಷ ಹೆಸರು ಮಾತ್ರ ಕೇಳಿದ್ದ ಆ ಮರದ ಬಾಗಿಲನ್ನು ತಾನೇ ತೆರೆದಳು. ಒಂದೊಂದು ಪುಸ್ತಕವನ್ನೂ ಬೆರಳಿನಿಂದ ಮುಟ್ಟಿದಳು. ಒಂದನ್ನು ಎಳೆದುಕೊಂಡು ಉದ್ದನೆಯ ಮೇಜಿನ ನಡುವೆ, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತಳು. ಅಲ್ಲಿದ್ದವರು ಸರಿದು ಜಾಗ ಬಿಟ್ಟರು. ಹೊತ್ತು ಇಳಿಯಿತು, ಪೇಪರಿನವರು ಒಬ್ಬೊಬ್ಬರೇ ಎದ್ದು ಹೋದರು. ಅವ್ವ ಪುಟ ತಿರುವುತ್ತಲೇ ಇದ್ದಳು. ಮೆಹಬೂಬ್ ಸಾಹೇಬರು ಕಿಟಕಿಗಳನ್ನು ಹಾಕಿದರು, ಬೀಗ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತು ಮೆಲ್ಲಗೆ ಕೆಮ್ಮಿದರು.

“ಅಕ್ಕಾರ, ಟೈಮ್ ಆತ್ರಿ.”

ಅವ್ವ ತಲೆ ಎತ್ತಲಿಲ್ಲ.

“ಇನ್ನೂ ಸ್ವಲ್ಪ ಐತ್ರಿ ಸಾಹೇಬ್ರ. ಕೂಡ್ರಿ.”

ಸಾಹೇಬರು ಕೂತರು.